ಷರಾ ಕಾಲಮ್ಮಿನ ಸಿದರಾಯ

ಸಿದರಾಯ ಅವರನ್ನು ನಾನು ಮೊದಲ ಸಲ ಕಂಡಾಗ ಅವರು ಕಣ್ಣು ಮುಚ್ಚಿ, ಬಿದಿರಿನ ಕೋಲೊಂದನ್ನು ಕಿವಿಗೆ ಹಚ್ಚಿಕೊಂಡು ಟ್ರಾನ್ಸ್‌ಫಾರ್ಮರಿನ ಮುಂದೆ ನಿಂತಿದ್ದರು. ಕೋಲಿನ ಇನ್ನೊಂದು ತುದಿ ಆ ಕಬ್ಬಿಣದ ಹೊಟ್ಟೆಗೆ ಆತುಕೊಂಡಿತ್ತು. ಜೂನ್ ತಿಂಗಳ ಮಧ್ಯಾಹ್ನ ಮೂರು ಗಂಟೆ. ಖಾನಾಪುರದ ಮೇಲೆ ಮೋಡ ಎಷ್ಟು ಕೆಳಗೆ ಇಳಿದಿತ್ತೆಂದರೆ ಗ್ರಿಡ್ಡಿನ ಕಂಬಗಳ ತಲೆಯೇ ಕಾಣುತ್ತಿರಲಿಲ್ಲ. ವಿದ್ಯುತ್ ಉಪಕೇಂದ್ರಕ್ಕೆ ನಮ್ಮ ಕಡೆ ಜನ ಗ್ರಿಡ್ ಎನ್ನುತ್ತಾರೆ. ತಂತಿಗಳು ಬಿಳಿ ಮಬ್ಬಿನಿಂದ ಹೊರಗೆ ಬಂದು, ಅಂಗಳದ ಮೇಲೆ ಸ್ವಲ್ಪ ದೂರ ಕಾಣಿಸಿಕೊಂಡು, ಮತ್ತೆ ಬಿಳಿ ಮಬ್ಬಿನೊಳಗೇ ಹೋಗುತ್ತಿದ್ದವು.

"ನಮಸ್ಕಾರ್ರೀ" ಎಂದೆ. ಅವರು ತಿರುಗಲಿಲ್ಲ. ಇನ್ನೊಂದು ಸಲ ಜೋರಾಗಿ ಎಂದೆ. ಆಗಲೂ ಇಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೆಳಗಾವಿಯಿಂದ ಜೀಪಿನಲ್ಲಿ ಮೈಕೈ ನೋಯಿಸಿಕೊಂಡು ಬಂದ ಅಧಿಕಾರಿಗೆ ಒಬ್ಬ ಆಪರೇಟರ್ ಮುಖ ಕೂಡ ತೋರಿಸುವುದಿಲ್ಲವಲ್ಲ, ಎಂಥ ಸೊಕ್ಕು ಎಂದುಕೊಂಡೆ. ಎದುರಿಗೆ ಹೋಗಿ ನಿಂತಾಗ ಕಣ್ಣು ತೆರೆದರು. ಮುಖದ ತುಂಬ ನಗೆ.

"ಬಾಯಾರ! ಯಾವಾಗ ಬಂದ್ರಿ? ಬರ್ರಿ, ಒಳಗ ಬರ್ರಿ, ಕುಂದರ್ರಿ. ಚಾ ಹೇಳ್ತೇನಿ."

ಆ ನಗೆ ಸೊಕ್ಕಿನವರದ್ದಾಗಿರಲಿಲ್ಲ. ಆದರೂ ನಾನು ಮುಖ ಗಂಟಿಕ್ಕಿಕೊಂಡೇ ಒಳಗೆ ಹೋದೆ.

ನನ್ನ ಹೆಸರು ಸಮೃದ್ಧಿ. ಮನೆ ಶಿವಬಸವ ನಗರ, ಕೆಲಸ ಬೆಳಗಾವಿಯ ವಿದ್ಯುತ್ ಕಚೇರಿಯಲ್ಲಿ. ದೇಶದ ವಿದ್ಯುತ್ ಜಾಲವನ್ನೆಲ್ಲ ಪರದೆಯ ಮೇಲೆ ಕ್ಷಣಕ್ಷಣಕ್ಕೂ ಕಾಣುವಂತೆ ಮಾಡುವ ದೊಡ್ಡ ಯೋಜನೆಯಲ್ಲಿ ನಮ್ಮ ಭಾಗದ ಪಟ್ಟಿ ತಯಾರಿಸುವುದು ನನ್ನ ಪಾಲಿಗೆ ಬಂದಿತ್ತು. ನಮ್ಮ ಹಳೆಯ ಗ್ರಿಡ್‌ಗಳಲ್ಲಿ ಇವತ್ತಿಗೂ ಪಾಳಿಯ ಮೇಲಿದ್ದವರು ಗಂಟೆಗೊಮ್ಮೆ ಮೀಟರಿನ ಮುಳ್ಳು ನೋಡಿ, ಲಾಗ್‌ಶೀಟಿನಲ್ಲಿ ಬರೆದು, ಬೆಳಗಾವಿಗೆ ಫೋನಿನಲ್ಲಿ ಒಪ್ಪಿಸುತ್ತಾರೆ. ಇನ್ನು ಮುಂದೆ ಯಂತ್ರವೇ ನಾಲ್ಕು ಸೆಕೆಂಡಿಗೊಮ್ಮೆ ಒಪ್ಪಿಸುತ್ತದೆ. ಎಲ್ಲಿ ತಂತಿ ಕಡಿಯಿತು, ಎಲ್ಲಿ ಹೊರೆ ಹೆಚ್ಚಿತು ಎಂಬುದನ್ನು ಅದೇ ಹೇಳುತ್ತದೆ. ನಮ್ಮಲ್ಲಿ ಇಂಥ ಗ್ರಿಡ್‌ಗಳು ನಲವತ್ತೊಂದು. ಮೊದಲ ಹಂತದಲ್ಲಿ ಇಪ್ಪತ್ತನಾಲ್ಕಕ್ಕೆ ಮಾತ್ರ ಅವಕಾಶ, ಉಳಿದವು ನಾಲ್ಕು ವರ್ಷ ಕಾಯಬೇಕು. ಎಲ್ಲಿ ಹೊರೆ ಏರುತ್ತಿದೆಯೋ ಅಲ್ಲಿ ಮೊದಲು ಎಂಬುದು ನಿಯಮ.

ಆ ದಿನಗಳಲ್ಲಿ ನನಗೆ ನಿದ್ದೆಯಲ್ಲೂ ನಕಾಶೆಯೇ. ದೇಶದ ಜನರೇಟರುಗಳೆಲ್ಲ, ಹಿಮದ ಬದಿಯವು, ಸಮುದ್ರದ ಬದಿಯವು, ಒಂದೇ ತಾಳಕ್ಕೆ ತಿರುಗುತ್ತವೆ. ಸೆಕೆಂಡಿಗೆ ಐವತ್ತು ಬಡಿತ. ಯಾರೋ ಎಲ್ಲಿಯೋ ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಆ ತಾಳ ಕೂದಲೆಳೆಯಷ್ಟು ಜಗ್ಗುತ್ತದೆ, ಆ ಜಗ್ಗು ನಮ್ಮ ಮನೆಯ ಫ್ಯಾನಿಗೂ ತಲುಪುತ್ತದೆ. ಇದು ಕವಿತೆಯಲ್ಲ, ಲೆಕ್ಕ. ಆದರೂ ಬೆಳಗಿನ ಜಾವ ಅರೆನಿದ್ದೆಯಲ್ಲಿ ಫ್ಯಾನಿನ ಸದ್ದು ಕೇಳುತ್ತ ಮಲಗಿದ್ದಾಗ ನನಗೆ ಇಡೀ ದೇಶ ಮಗ್ಗುಲಲ್ಲಿ ಮಲಗಿ ಉಸಿರಾಡುತ್ತಿದೆ ಅನ್ನಿಸುತ್ತಿತ್ತು. ನನ್ನ ಗಂಡನಿಗೆ ಇದನ್ನು ಹೇಳಿದಾಗ, "ಮೊದಲ ಗೊರಕಿ ಹೊಡಿಯೋದು ನಿಲ್ಲಸು, ಆಮ್ಯಾಲ ದೇಶದ್ದು ಕೇಳಿಸ್ತದ" ಎಂದಿದ್ದ.

ಖಾನಾಪುರದ ಆ ಗ್ರಿಡ್ಡಿನಲ್ಲಿ ಎರಡು ಟ್ರಾನ್ಸ್‌ಫಾರ್ಮರ್. ಮೊದಲನೆಯದು ಪಟ್ಟಣದ ಕಡೆಗೆ; ಅದರ ಹೊರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡನೆಯದು ಲೋಂಡಾ ಕಡೆಯ ಕಾಡಿನ ಊರುಗಳಿಗೆ. ಅದರ ಹೊರೆ ಮಾತ್ರ ಮೂರು ವರ್ಷಗಳಿಂದ ಇಳಿಯುತ್ತಲೇ ಬಂದಿತ್ತು. ಅದರಿಂದ ಈ ಗ್ರಿಡ್ಡನ್ನು ಎರಡನೇ ಹಂತಕ್ಕೆ ದಬ್ಬುವುದೆಂದು ಕಚೇರಿಯಲ್ಲೇ ತೀರ್ಮಾನವಾಗಿತ್ತು. ನಾನು ಬಂದದ್ದು ನೋಡಿದ ಶಾಸ್ತ್ರ ಮುಗಿಸಿ ಸಹಿ ಹಾಕಲಿಕ್ಕೆ.

ಚಹಾ ಬರುವ ತನಕ ಲಾಗ್‌ಶೀಟುಗಳನ್ನು ತಿರುವಿದೆ. ಪ್ರತಿ ಸಾಲಿನ ಕೊನೆಗೆ ಷರಾ ಎಂಬ ಕಾಲಮ್ಮು ಇರುತ್ತದೆ. ಎಲ್ಲ ಕಡೆ ಅದು ಖಾಲಿ, ಇಲ್ಲವೇ "ನಾರ್ಮಲ್". ಸಿದರಾಯ ಅವರ ಪಾಳಿಯಲ್ಲಿ ಹಾಗಿರಲಿಲ್ಲ. "ಮಂಜು. ಲೈನ್ ಕಾಣುವುದಿಲ್ಲ, ಇದೆ." "ನಾಲ್ಕು ಗಂಟೆಗೆ ಮಂಗಟ್ಟೆ ಹಕ್ಕಿ ಒಂದು ಜೋಡಿ, ಲೋಂಡಾ ದಿಕ್ಕಿಗೆ." "ಟ್ರಾನ್ಸ್‌ಫಾರ್ಮರ್ ಇವತ್ತು ಸಮಾಧಾನದಲ್ಲಿದೆ." ಸರಕಾರಿ ಕಾಗದದ ಮೇಲೆ ಇಂಥದ್ದನ್ನು ನಾನು ಕಂಡಿರಲಿಲ್ಲ. ಗದರಿಸಬೇಕೆಂದುಕೊಂಡವಳು ಓದುತ್ತ ಕುಳಿತುಬಿಟ್ಟೆ. ಮೂರು ವರ್ಷದ ಹಿಂದಿನ ಜೂನಿನಲ್ಲಿ, "ಈ ಸಲ ಹಳ್ಳದಲ್ಲಿ ಕಪ್ಪೆ ಕಡಿಮೆ" ಎಂದಿತ್ತು. ಮರುವರ್ಷ, "ಕಪ್ಪೆ ಬಹಳ ಕಡಿಮೆ." ಹೋದ ವರ್ಷ, "ಕಪ್ಪೆ ಬರಲಿಲ್ಲ." ಪಾಪ, ಕಾಡೂ ಕೆಡುತ್ತ ಬಂತಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಮನೆಗೆ ಹೋಗಿ ಗಂಡನ ಮುಂದೆ ಪರಿಸರದ ಮೇಲೊಂದು ಭಾಷಣವನ್ನೂ ಮಾಡಿದೆ.

ಚಹಾ ತಂದವರು ಸಿದರಾಯ ಅವರ ಹೆಂಡತಿ ಮಾಯಕ್ಕ. ಗ್ರಿಡ್ಡಿನ ಕಂಪೌಂಡಿನಲ್ಲೇ ಅವರ ಕ್ವಾರ್ಟರ್ಸ್. ಗಂಡನ ಎದುರಿಗೆ ನಿಂತು, ಬಾಯಿ ಪೂರ್ತಿ ತೆರೆದು ಅವರು ಮಾತಾಡುವ ರೀತಿ ನೋಡಿ ಗಟ್ಟಿ ಹೆಂಗಸು ಎಂದುಕೊಂಡೆ.

ಸಿದರಾಯ ಅವರಿಗೆ ಜುಲೈ ಮೂವತ್ತೊಂದಕ್ಕೆ ನಿವೃತ್ತಿ. ಬೆಳಗಾವಿಯ ಪೂರ್ವಕ್ಕಿರುವ ಒಂದು ಹಳ್ಳಿಯ ಕುರಿಗಾರರ ಮನೆತನ. ಸುಗ್ಗಿ ಮುಗಿದ ಮೇಲೆ ಅಪ್ಪ ಹಿಂಡು ಹೊಡೆದುಕೊಂಡು ಈ ಕಡೆ ಬಂದು, ಗೊಬ್ಬರಕ್ಕಾಗಿ ಒಬ್ಬೊಬ್ಬರ ಹೊಲದಲ್ಲಿ ಕುರಿ ಕೂಡಿಸುತ್ತಿದ್ದರಂತೆ. ಸಂಜೆ ಹಿಂಡು ಒಳಗೆ ಬರುವಾಗ ಅಪ್ಪ ಎಣಿಸುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಗೊರಸಿನ ಸದ್ದು, ಕೆಮ್ಮು, ಕರೆದ ದನಿ ಎಲ್ಲ ಸೇರಿ ಒಂದು ತೂಕ. ತೂಕ ಕಡಿಮೆ ಎನ್ನಿಸಿದರೆ ಎದ್ದು ಲಾಟೀನು ಹಿಡಿದು ಹೊರಡುತ್ತಿದ್ದರು.

"ಎಣಿಸಿದ್ರ ತಪ್ಪತೈತಿ, ಕೇಳಿದ್ರ ತಪ್ಪೂದಿಲ್ಲ ಅಂತಿದ್ದ ನಮ್ಮಪ್ಪ" ಎಂದರು ಸಿದರಾಯ. ಆ ಬಿದಿರಿನ ಕೋಲು ಅಪ್ಪನದೇ.

ಹೊರಡುವ ಮುಂಚೆ ಸುದ್ದಿ ಹೇಳಬೇಕಾಯಿತು. ಪಟ್ಟಿಯ ಕಾಗದವನ್ನೂ ಮುಂದಿಟ್ಟೆ. "ಈ ಗ್ರಿಡ್ ಈ ಸಲ ಪಟ್ಟಿಯೊಳಗ ಇಲ್ರೀ. ಲೋಂಡಾ ಕಡೆ ಲೋಡ್ ಇಳದೈತಿ. ನಾಕು ವರ್ಷ ಆದ ಮ್ಯಾಲ ನೋಡೂಣು."

ಅವರ ಮುಖದ ನಗೆ ಹೋಯಿತು. "ಲೋಡ್ ಹ್ಯಾಂಗ ಇಳೀತೈತ್ರೀ ಬಾಯಾರ? ಹೊಸಾ ಮನಿ ಆಗ್ಯಾವು, ಪಂಪ್‌ಸೆಟ್ ಆಗ್ಯಾವು. ಮಳಿಗಾಲದಾಗ ಮರ ಬಿದ್ರ ಎಲ್ಲಿ ಬಿತ್ತು ಅಂತ ಕಾಡೊಳಗ ಎರಡೆರಡ ದಿನ ಹುಡಕ್ತಾರ ನಮ್ಮ ಲೈನ್‌ಮನ್‌ಗೋಳು. ಆ ಊರಾಗಿನ ಮಂದಿ ಕತ್ತಲದಾಗ ಕುಂದರ್ತಾರ."

"ನೀವ ಬರದದ್ದಲ್ರೀ ಇದು?" ಎಂದು ಲಾಗ್‌ಶೀಟ್ ಮೇಲೆ ಬೆರಳು ಕುಟ್ಟಿ ಕೇಳಿದೆ.

ಅವರು ಆ ಅಂಕಿಗಳನ್ನೇ ನೋಡುತ್ತ ನಿಂತರು. ಜೀಪು ಹತ್ತಿ ನಾನು ಬೆಳಗಾವಿಗೆ ಬಂದೆ.

ಮೂರು ದಿನ ಆದ ಮೇಲೆ ಅವರು ನಮ್ಮ ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ, ಜೊತೆಗೆ ಮಾಯಕ್ಕ. ನಮ್ಮ ಮೇಲಧಿಕಾರಿ ಬಾಳಾಸಾಹೇಬ ಸರ್ ಕೂಡ ನನ್ನ ಟೇಬಲ್ಲಿನ ಹತ್ತಿರವೇ ಇದ್ದರು. ಖಾಸಬಾಗದ ಹಿರಿಯ ಮನುಷ್ಯ, ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿದ್ದಿಲ್ಲ.

"ಬಾಯಾರ, ಎರಡನೇ ಟ್ರಾನ್ಸ್‌ಫಾರ್ಮರಿನ ಆಂಪ್ಸ್ ಬರದೇನಲ್ರೀ, ಅದು ಮೀಟರ್ ನೋಡಿ ಬರದದ್ದಲ್ಲ. ಒಂಬತ್ತು ವರ್ಷ ಆತು, ಸಿಡ್ಲು ಬಡದು ಮುಳ್ಳು ಹಿಡಕೊಂಡ ಬಿಟ್ಟೈತಿ. ಕೋಲು ಹಚ್ಚಿ ಕೇಳಿ ಬರದೀನಿ. ಲೋಡ್ ಹೆಚ್ಚಾದ್ರ ಒಳಗಿನ ದನಿ ದಪ್ಪ ಆಗತೈತ್ರಿ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಕೇಳಿ ಬರದ್ರಿ? ಒಂಬತ್ತು ವರ್ಷ? ಉಳದ ಎರಡು ಪಾಳಿಯವರು ಏನ್ ಮಾಡ್ತಿದ್ರು ಮತ್ತ?"

"ಅವರು ನಂದ ನೋಡಿ, ಒಂದೀಟ ಹೆಚ್ಚುಕಡಿಮಿ ಮಾಡಿ ಬರಕೋತಿದ್ರು."

ಅಂದರೆ ದೇಶದ ನಕಾಶೆಯಲ್ಲಿ ನಾನು ಗುರುತು ಹಾಕಿದ ಒಂದು ಗೆರೆ ಪೂರ್ತಿಯಾಗಿ ಕುರಿಗಾರನ ಕೋಲಿನ ಮೇಲೆ ನಿಂತಿತ್ತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಇಲಾಖೆಗೆ ಮೋಸ, ಸುಳ್ಳು ದಾಖಲೆ, ವಿಚಾರಣೆ, ಪೆನ್ಷನ್ ತಡೆಯುತ್ತಾರೆ, ಎಲ್ಲ. ಅವರು ನನ್ನ ತುಟಿಗಳನ್ನೇ ದಿಟ್ಟಿಸಿ ನೋಡುತ್ತಿದ್ದರು. ಆಮೇಲೆ ಅಂದರು: "ಸುಳ್ಳು ಬರದಿಲ್ರೀ. ಕೇಳಿದ್ದು ಬರದೀನಿ. ಒಂದೂ ಕೇಳದ ಬರದಿಲ್ಲ. ಪೆನ್ಷನ್ ನಿಲ್ಲಸೂದಿದ್ರ ನಿಲ್ಲಸ್ರಿ. ಖರೇ ಲೋಡ್ ಎಷ್ಟೈತಿ ನೋಡಿ, ಲೋಂಡಾ ಲೈನ್ ಪಟ್ಟಿಯೊಳಗ ತುಗೋರ್ರಿ. ನನ್ನ ಸಲುವಾಗಿ ಆ ಊರು ಹಿಂದ ಬೀಳೂದು ಬ್ಯಾಡ."

"ಮೀಟರ್ ಕೆಟ್ಟದ್ದು ತಿಳಸ್ಬೇಕಿತ್ತಲ್ರೀ ಕಚೇರಿಗೆ!"

ಅವರು ಪ್ಲಾಸ್ಟಿಕ್ ಚೀಲದಿಂದ ಮೂರು ಕಾಗದ ತೆಗೆದು ಟೇಬಲ್ಲಿನ ಮೇಲಿಟ್ಟರು. ತಿಳಿಸಿದ್ದರು, ಎರಡು ಸಲ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ ಬಂದಿತ್ತು: "ಹೊಸ ವ್ಯವಸ್ಥೆ ಬರಲಿದ್ದು, ಸದರಿ ಮೀಟರನ್ನು ಅದರಲ್ಲಿ ಸೇರಿಸಲಾಗುವುದು. ಅಲ್ಲಿಯವರೆಗೆ ಯಾವುದೇ ಕಾಲಮ್ಮನ್ನು ಖಾಲಿ ಬಿಡತಕ್ಕದ್ದಲ್ಲ." ಕೆಳಗೆ ಹೊಸದಾಗಿ ನೌಕರಿಗೆ ಸೇರಿದವರ ಉತ್ಸಾಹದ ಉದ್ದನೆಯ ಸಹಿ. ಆ ಸಹಿ ನನ್ನದು.

ಅಂಥ ಪತ್ರಗಳನ್ನು ಆಗ ದಿನಕ್ಕೆ ಇಪ್ಪತ್ತು ಬರೆಯುತ್ತಿದ್ದೆ. ಇದು ನೆನಪಿಲ್ಲ. ಬಾಳಾಸಾಹೇಬ ಸರ್ ಪತ್ರ ಓದಿದರು, ನನ್ನ ಮುಖ ನೋಡಿದರು, ಮಡಿಚಿ ನನ್ನ ಕೈಗೆ ಕೊಟ್ಟರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ ಹಿರಿಯಾರು. ನಾವು ಪ್ರತ್ಯಕ್ಷಾನೂ ಕಂಡಿಲ್ಲ. ಆ ಲೈನಿಗೆ ಸೀಲ್ ಹಾಕಿದ ಬಿಲ್ಲಿನ ಮೀಟರ್ ಐತಿ, ಅದರ ತಿಂಗಳಾ ತಿಂಗಳದ ಲೆಕ್ಕ ಎದುರಗಡೆ ಆಫೀಸಿನ್ಯಾಗ ಇರತೈತಿ. ತರಸ್ರಿ."

ಆ ಮೀಟರಿನ ಪೆಟ್ಟಿಗೆ ಖಾನಾಪುರದ ಗ್ರಿಡ್ಡಿನಲ್ಲೇ ಇತ್ತು. ಆದರೆ ಕೀಲಿ ಬೇರೆ ಕಚೇರಿಯದು. ಆ ಕಚೇರಿಗೂ ನಮ್ಮ ಕಚೇರಿಗೂ ನಡುವೆ ಒಂದೇ ರಸ್ತೆ. ಒಂಬತ್ತು ವರ್ಷಗಳಲ್ಲಿ ಎರಡು ಲೆಕ್ಕಗಳನ್ನು ತಾಳೆ ಹಾಕಲು ಯಾರೂ ಆ ರಸ್ತೆ ದಾಟಿರಲಿಲ್ಲ.

ನಾನು ದಾಟಿದೆ. ಮರುದಿನ ಎರಡೂ ಲೆಕ್ಕಗಳನ್ನು ಒಂದೇ ಪರದೆಯ ಮೇಲೆ ಗೆರೆಗಳಾಗಿ ಹಾಕಿದೆ. ಕೆಂಪು ಗೆರೆ ಸೀಲು ಹಾಕಿದ ಮೀಟರಿನದು, ನೀಲಿ ಗೆರೆ ಸಿದರಾಯ ಅವರ ಕಿವಿಯದು. ಮೊದಲ ಆರು ವರ್ಷ ಎರಡೂ ಒಂದೇ ನೊಗದ ಎತ್ತುಗಳ ಹಾಗೆ ಜೊತೆಯಾಗಿ ನಡೆದಿದ್ದವು. ಬೇಸಿಗೆಗೆ ಏರಿ, ಮಳೆಗೆ ಇಳಿದು, ಹಬ್ಬಕ್ಕೆ ಒಂದಿಷ್ಟು ಎದ್ದು, ಒಂದನ್ನೊಂದು ಬಿಡದೆ. ಇನ್ನೂರು ರೂಪಾಯಿಯ ಮುಳ್ಳಿನ ಮೀಟರು ಕೂಡ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ನನ್ನ ಕಣ್ಣು ತೇವವಾದವು. ಮೂರು ವರ್ಷದ ಹಿಂದಿನ ಜೂನಿನಿಂದ ಕೆಂಪು ಗೆರೆ ಮೇಲೆ ಹೋಗಿತ್ತು. ನೀಲಿ ಗೆರೆ ಮೆಲ್ಲಗೆ, ಒಂದೇ ಸಮನೆ, ಕೆಳಗೆ ಇಳಿದಿತ್ತು.

ಅದು ಯಾಕೆ ಇಳಿಯಿತೆಂದು ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ. ವಯಸ್ಸಾಯಿತು, ಬೇಸರವಾಗಿ ತೋಚಿದ್ದು ಬರೆದಿದ್ದಾರೆ ಎಂದುಕೊಂಡೆ. ಕಚೇರಿಯ ಬುದ್ಧಿ ಅಷ್ಟರವರೆಗೇ ಹೋಗುತ್ತದೆ.

ತಂತಿಗೆ ಸಿಕ್ಕಿಸಿದರೆ ಆಂಪ್ಸ್ ಹೇಳುವ ಕ್ಲ್ಯಾಂಪ್ ಮೀಟರ್ ತೆಗೆದುಕೊಂಡು ಮತ್ತೆ ಖಾನಾಪುರಕ್ಕೆ ಹೋದೆ. ಸಂಜೆ ಐದೂವರೆ. ಮಳೆ ಆಗಷ್ಟೇ ನಿಂತಿತ್ತು. ಮೋಡದ ಕೆಳಗಿನಿಂದ ಬಂದ ಬಿಸಿಲು ಅಂಗಳದ ಜಲ್ಲಿ ಕಲ್ಲುಗಳನ್ನೆಲ್ಲ ಹಳದಿ ಮಾಡಿತ್ತು. ಒದ್ದೆ ತಂತಿಗಳು ಮಂದವಾಗಿ ಗುಂಯ್‌ಗುಡುತ್ತಿದ್ದವು. ಗ್ರಿಡ್ಡಿನ ಹಿಂದಿನ ಹಳ್ಳದಲ್ಲಿ ಕಪ್ಪೆಗಳು, ಸಾವಿರ ಇದ್ದವೋ ಲಕ್ಷ ಇದ್ದವೋ, ಒಂದೇ ಉಸಿರಿಗೆ ಒದರುತ್ತಿದ್ದವು. ಟ್ರಾನ್ಸ್‌ಫಾರ್ಮರಿನ ಗುನುಗು, ತಂತಿಯ ಗುನುಗು, ಕಪ್ಪೆಗಳದು, ಯಾವುದು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ನನಗೆ ನನ್ನ ಬೆಳಗಿನ ಜಾವದ ಕನಸಿನೊಳಗೆ ಚಪ್ಪಲಿ ಹಾಕಿಕೊಂಡು ನಡೆದು ಬಂದಂತಾಯಿತು.

ಸಿದರಾಯ ಕೋಲು ಹಚ್ಚಿ ಕಣ್ಣು ಮುಚ್ಚಿದರು. ಬಹಳ ಹೊತ್ತು ಕೇಳಿದರು. "ತೊಂಬತ್ತು" ಎಂದರು. ನಾನು ಕಂಟ್ರೋಲ್ ರೂಮಿನ ತಂತಿಗೆ ಕ್ಲ್ಯಾಂಪ್ ಹಾಕಿ ನೋಡಿದೆ. ನೂರ ಇಪ್ಪತ್ತೆಂಟು.

"ಇನ್ನೊಮ್ಮೆ ನೋಡ್ತೇನ್ರಿ" ಎಂದರು. ಕೋಲಿನ ಜಾಗ ಬದಲಿಸಿದರು, ಕಿವಿ ಬದಲಿಸಿದರು. "ತೊಂಬತ್ತರ ಮ್ಯಾಲ ಇಲ್ರೀ. ಹಿಂದಿನಗತೆ ಮಾತಾಡೂದಿಲ್ಲ ಇದು ಈಗ. ಮೆತ್ತಗಾಗೈತಿ." ಟ್ರಾನ್ಸ್‌ಫಾರ್ಮರಿಗೆ ಸವರಿದರು, ದನಕ್ಕೆ ಸವರುವಂತೆ.

ಒಳಗೆ ಬಂದು ಕೂತೆವು. ಎರಡು ಗೆರೆಗಳ ಕಾಗದವನ್ನು ಅವರ ಮುಂದಿಟ್ಟೆ. ಮಾಯಕ್ಕ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಿದರಾಯ ನೀಲಿ ಗೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ನಡೆಸಿದರು. ಆರು ವರ್ಷ ದಾಟುವಾಗ ಅವರ ಮುಖದಲ್ಲಿ ಮೊದಲ ದಿನದ ನಗೆ ಬಂತು. ಗೆರೆಗಳು ಅಗಲುವ ಜಾಗಕ್ಕೆ ಬಂದಾಗ ಬೆರಳು ನಿಂತಿತು.

"ಇದು ಯಾವ ತಿಂಗಳ್ರೀ?"

"ಜೂನ್. ಮೂರು ವರ್ಷದ ಹಿಂದಿಂದು."

ಅವರು ಎದ್ದು ಹೋಗಿ ಆ ವರ್ಷದ ಲಾಗ್‌ಶೀಟಿನ ಕಟ್ಟು ತಂದರು. ಜೂನ್ ತೆಗೆದರು. ಷರಾ ಕಾಲಮ್ಮಿನಲ್ಲಿ ಅವರದೇ ಅಕ್ಷರ: "ಈ ಸಲ ಹಳ್ಳದಲ್ಲಿ ಕಪ್ಪೆ ಕಡಿಮೆ." ಅದನ್ನು ಓದಿ ತಲೆ ಎತ್ತಿ ಹೆಂಡತಿಯನ್ನು ನೋಡಿದರು.

"ಮಾಯಾ, ಈಗ ಕಪ್ಪಿ ಒದರಾಕ ಹತ್ಯಾವೇನು?"

ಹೊರಗೆ ಕಪ್ಪೆಗಳು ಹಳ್ಳವೇ ಬಿರಿಯುವ ಹಾಗೆ ಒದರುತ್ತಿದ್ದವು. ಮೊದಲ ದಿನ ನಾನು ಎರಡು ಸಲ ಕೂಗಿದ್ದು, ಕಚೇರಿಯಲ್ಲಿ ಅವರು ನನ್ನ ತುಟಿ ನೋಡುತ್ತಿದ್ದದ್ದು, ಮಾಯಕ್ಕ ಎದುರಿಗೆ ನಿಂತು ಬಾಯಿ ತೆರೆದು ಮಾತಾಡುತ್ತಿದ್ದದ್ದು, ಎಲ್ಲ ಒಂದೇ ಸಲಕ್ಕೆ ತಿಳಿಯಿತು.

ಮಾಯಕ್ಕ ಲೋಟ ಕೆಳಗಿಟ್ಟು ಗಂಡನ ಎದುರಿಗೆ ಬಂದು ನಿಂತರು. "ಒದರಾಕ ಹತ್ಯಾವ್ರೀ. ಹೋದ ವರ್ಷಾನೂ ಒದರಿದ್ವು. ಅದರ ಹಿಂದಿನ ವರ್ಷಾನೂ."

"ಹೇಳಲಿಲ್ಲಲ್ಲ ನೀ."

"ಹ್ಯಾಂಗ ಹೇಳ್ಲಿ? ಕಪ್ಪಿ ಬರಲಿಲ್ಲ ಅಂತ ನೀವ ಇಷ್ಟು ಮರಗ್ತಿದ್ರಿ. ನಿಮ್ಮ ಕಿವಿ ಹೋಗ್ಯಾವು ಅಂತ ಅಂದ್ರ ಅದಕಿಂತ ಹೆಚ್ಚು ಮರಗ್ತಿದ್ರಿ."

ಸಿದರಾಯ ನಿಂತ ಬೆರಳನ್ನು ನೀಲಿ ಗೆರೆಯ ಮೇಲೆ ಕೊನೆಯವರೆಗೂ ನಡೆಸಿದರು. ಲೋಂಡಾದ ಹೊರೆ ಇಳಿದದ್ದಲ್ಲ. ಅವರೊಳಗೆ ಸದ್ದು ಇಳಿದದ್ದು. ತಿಂಗಳು ತಿಂಗಳೂ ತಾವು ಎಷ್ಟು ಕಳೆದುಕೊಂಡೆವೆಂಬುದನ್ನು ತಮ್ಮ ಕೈಯಿಂದಲೇ, ಒಂದು ಗಂಟೆಯನ್ನೂ ಬಿಡದೆ, ಸರಕಾರಿ ಕಾಗದದ ಮೇಲೆ ಬರೆದಿಟ್ಟಿದ್ದರು. ನಾನು ಅದನ್ನು ಓದಿ ಒಂದು ಸೀಮೆಯನ್ನೇ ಪಟ್ಟಿಯಿಂದ ಕಿತ್ತುಹಾಕಲು ಹೊರಟಿದ್ದೆ.

"ಸುಳ್ಳು ಬರದಿಲ್ಲಲ್ರೀ ನಾ?" ಎಂದು ಕೇಳಿದರು.

"ಇಲ್ರೀ" ಎಂದೆ. ಕೇಳಿಸಲಿಲ್ಲವೇನೋ ಎಂದು ತಲೆಯನ್ನೂ ಆಡಿಸಿದೆ.

ವರದಿಯನ್ನು ನಾನೇ ಬರೆದೆ. ಮೀಟರು ಕೆಟ್ಟ ದಿನ, ಎರಡು ಪತ್ರ, ನಮ್ಮ ಉತ್ತರ, ಕೆಳಗಿನ ಸಹಿ ಯಾರದೆಂಬುದು, ಯಾವುದನ್ನೂ ಮುಚ್ಚಲಿಲ್ಲ. ಅಂದಾಜಿನ ದಾಖಲೆಯ ಹೊಣೆ ಉತ್ತರ ಕೊಟ್ಟ ಕಚೇರಿಯದು ಎಂದು ಬಾಳಾಸಾಹೇಬ ಸರ್ ಕೊನೆಗೆ ಒಂದು ಸಾಲು ಸೇರಿಸಿದರು. ನನಗೆ ಒಂದು ಮೆಮೊ ಬಂತು. ಸಿದರಾಯ ಅವರ ಪೆನ್ಷನ್ ಕಾಗದ ನಿಲ್ಲಲಿಲ್ಲ. ಖಾನಾಪುರದ ಗ್ರಿಡ್ ಮೊದಲ ಹಂತಕ್ಕೆ ಸೇರಿತು. ಪರದೆಯ ಮೇಲೆ ಎಷ್ಟು ಸಂಖ್ಯೆ ಬರಬೇಕು, ಯಾವುದಕ್ಕೆ ಗಂಟೆ ಬಾರಿಸಬೇಕು ಎಂದು ಬರೆಯುವಾಗ ಷರಾ ಎಂಬುದಕ್ಕೂ ಒಂದು ಜಾಗ ಕೇಳಿದೆ. ಯಂತ್ರಕ್ಕೆ ಷರಾ ಯಾಕ್ರೀ ಎಂದು ಯೋಜನೆಯವರು ನಕ್ಕರು. ಜಗಳಾಡಿ ಹಾಕಿಸಿದೆ.

ಜುಲೈ ಮೂವತ್ತೊಂದರ ಲಾಗ್‌ಶೀಟಿನ ಪ್ರತಿ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ. ಎರಡನೇ ಟ್ರಾನ್ಸ್‌ಫಾರ್ಮರಿನ ಕಾಲಮ್ಮಿನಲ್ಲಿ ಒಂದೂ ಅಂಕಿಯಿಲ್ಲ. ಗಂಟೆಗೊಂದು ಅಡ್ಡಗೆರೆ ಎಳೆದು, "ಮೀಟರ್ ಕೆಟ್ಟಿದೆ" ಎಂದು ಬರೆದಿದ್ದಾರೆ. ಸಂಜೆ ಆರು ಗಂಟೆಯ ಸಾಲು ಅವರ ನೌಕರಿಯ ಕೊನೆಯ ಸಾಲು. ಅದರ ಷರಾ ಹೀಗಿದೆ:

"ಮಳೆ ನಿಂತಿದೆ. ಹಳ್ಳದಲ್ಲಿ ಕಪ್ಪೆ ಬಹಳ. ಕೇಳಿ ಹೇಳಿದವಳು ಮಾಯಕ್ಕ."